ಅವಸರ ಇರುವುದು ಒಸೋರಿಯೊಗಲ್ಲ

ಡೆನ್ಮಾರ್ಕ್‌ನ ಫುಟ್‌ಬಾಲ್ ಲೀಗ್‌ಗೆ 2025-26ರ ಚಳಿಗಾಲದ ರಜೆ. ಡಿಸೆಂಬರ್‌ನಲ್ಲಿ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಫೆಬ್ರವರಿಯಲ್ಲೇ. ವಾರಾಂತ್ಯ ಬಂದರೆ ಏನು ಮಾಡಬೇಕು ಅಂತ ತೋಚುವುದಿಲ್ಲ. ಚಿಲಿ ದೇಶದ ಆಟಗಾರ ಡಾರಿಯೊ ಒಸೋರಿಯೊ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಇದಕ್ಕಿಂತ ಒಳ್ಳೇ ಸಮಯ ಸಿಗುವುದಿಲ್ಲ.

ನಾನಿರುವುದು ಡೆನ್ಮಾರ್ಕ್‌ನ ಜಟ್‌ಲ್ಯಾಂಡ್‌ನ ಒಳನಾಡಿನಲ್ಲಿ. ಗಾಳಿಯಂತ್ರಗಳ ಕೆಲಸ. ಹೆರ್ನಿಂಗ್ ಊರು ಇಲ್ಲಿಂದ ಹತ್ತಿರ, ಹಾಗಾಗಿ ಎಫ್‌ಸಿ ಮಿಡ್‌ಟ್ಯುಲಾನ್ ನನ್ನ ತಂಡವಾಯಿತು. ಬೇರೆ ದೊಡ್ಡ ಕಾರಣ ಏನೂ ಇಲ್ಲ. ಆಫೀಸಿನಲ್ಲಿ ಪಕ್ಕದ ಮೇಜಿನವನು ಚಿಲಿಯ ರಾಜಧಾನಿ ಸ್ಯಾಂಟಿಯಾಗೊದವನು. ಅವನ ತಂಡ ಯೂನಿವರ್ಸಿಡಾಡ್ ದ ಚಿಲಿ. ಅಲ್ಲಿಯವರ ಬಾಯಲ್ಲಿ ಅದು ಬರೀ 'ಲಾ ಉ'. ಒಸೋರಿಯೊ ಅಲ್ಲಿಂದ ಇಲ್ಲಿಗೆ ಬಂದವನು. ಅಂದರೆ ನಮ್ಮಿಬ್ಬರ ತಂಡಗಳಿಗೂ ಸೇರಿದ ಹುಡುಗ. ಅದಕ್ಕೇ ಅವನ ವಿಷಯದಲ್ಲಿ ನಮ್ಮಿಬ್ಬರ ಜಗಳ ಮುಗಿಯುವುದೇ ಇಲ್ಲ.

ಜಗಳ ಏನು ಅಂದರೆ: ಇಷ್ಟು ಹೊತ್ತಿಗೆ ಒಸೋರಿಯೊ ಇನ್ನೂ ದೊಡ್ಡ ಲೀಗ್‌ಗೆ ಹೋಗಿರಬೇಕಿತ್ತು, ಇಲ್ಲಿ ಕೊಳೆಯುತ್ತಿದ್ದಾನೆ ಅಂತ ಅವನು ಹೇಳುತ್ತಾನೆ. ಕೊಳೆಯುತ್ತಿಲ್ಲ, ಹಣ್ಣಾಗುತ್ತಿದ್ದಾನೆ ಅಂತ ನಾನು.

ಅವನ ಅವಸರ ನನಗೆ ಅರ್ಥವಾಗುತ್ತದೆ. ಚಿಲಿಯ ಕಡೆಯಿಂದ ನೋಡಿದರೆ ಅವಸರಕ್ಕೆ ಕಾರಣ ಬೇಕಾದಷ್ಟಿದೆ. 2015ರಲ್ಲಿ ಸ್ಯಾಂಟಿಯಾಗೊದ ನ್ಯಾಷನಲ್ ಸ್ಟೇಡಿಯಂನಲ್ಲಿ ಅರ್ಜೆಂಟೀನಾವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಅವರು ಕೋಪಾ ಅಮೆರಿಕಾ, ಅಂದರೆ ದಕ್ಷಿಣ ಅಮೆರಿಕದ ದೇಶಗಳ ಕಪ್, ಗೆದ್ದರು. ಕೊನೇ ಪೆನಾಲ್ಟಿ ಅಲೆಕ್ಸಿಸ್ ಸಾಂಚೆಸ್‌ದು. ಗೋಲ್‌ಕೀಪರ್ ಒಂದು ಕಡೆ ಬೀಳುತ್ತಿದ್ದಂತೆ ಚೆಂಡನ್ನು ನಡುವೆ ಮೆಲ್ಲಗೆ ತೇಲಿಬಿಟ್ಟ. ಮರುವರ್ಷ ಅಮೆರಿಕದಲ್ಲಿ ಮತ್ತೆ ಅದೇ ಅರ್ಜೆಂಟೀನಾ, ಮತ್ತೆ ಪೆನಾಲ್ಟಿ, ಮತ್ತೆ ಗೆಲುವು. ಅಲ್ಲಿಗೆ ಮುಗಿಯಿತು. 2018, 2022, 2026, ಮೂರು ವಿಶ್ವಕಪ್‌ಗೂ ಚಿಲಿ ಇಲ್ಲ. 2026ರ ಅರ್ಹತಾ ಸುತ್ತಿನಲ್ಲಂತೂ ದಕ್ಷಿಣ ಅಮೆರಿಕದ ಹತ್ತು ತಂಡಗಳಲ್ಲಿ ಕೊನೇ ಸ್ಥಾನ. 18 ಪಂದ್ಯ, 11 ಅಂಕ. ಹೊಡೆದ ಗೋಲು ಒಂಬತ್ತು. ಎರಡು ಪಂದ್ಯಕ್ಕೆ ಒಂದು ಗೋಲು!

ಇಂಥ ಸ್ಥಿತಿಯಲ್ಲಿರುವ ದೇಶಕ್ಕೆ ಎಡಗಾಲಿನ, ಚುರುಕಾದ, ಎದುರಾಳಿಯನ್ನು ಒಬ್ಬನೇ ದಾಟಿ ಹೋಗಬಲ್ಲ ಹುಡುಗ ಕಂಡರೆ ಏನಾಗುತ್ತದೆ? ಮರುದಿನವೇ ಅವನು 'ಮುಂದಿನ ಅಲೆಕ್ಸಿಸ್'. ಹೆಸರು ಇಡುವುದು ಸುಲಭ. ಆದರೆ ಅಲೆಕ್ಸಿಸ್‌ನೇ ಆ ವಯಸ್ಸಿನಲ್ಲಿ ಏನು ಮಾಡುತ್ತಿದ್ದ ಅಂತ ಯಾರೂ ತಿರುಗಿ ನೋಡುವುದಿಲ್ಲ. ಅವನು ಉತ್ತರದ ಮರುಭೂಮಿಯ ಅಂಚಿನ ಟೊಕೊಪಿಯಾ ಅನ್ನುವ ಬಂದರು ಊರಿನವನು. ಕಲಾಮಾದ ಕೋಬ್ರೆಲೋವಾ ತಂಡದಲ್ಲಿ ಆಡುತ್ತಿದ್ದ ಹುಡುಗನನ್ನು 2006ರಲ್ಲಿ ಇಟಲಿಯ ಉಡಿನೇಸೆ ಕೊಂಡುಕೊಂಡಿತು. ಕೊಂಡ ಕೂಡಲೇ ಕಣಕ್ಕೆ ಇಳಿಸಲಿಲ್ಲ. ಒಂದು ವರ್ಷ ಅವನನ್ನು ಸ್ಯಾಂಟಿಯಾಗೊದ ಕೋಲೋ-ಕೋಲೋ ತಂಡಕ್ಕೆ ಎರವಲು ಕೊಟ್ಟರು. ಇನ್ನೊಂದು ವರ್ಷ ಬ್ಯುನಸ್ ಐರಿಸ್‌ನ ರಿವರ್ ಪ್ಲೇಟ್‌ಗೆ. ಇಟಲಿಯಲ್ಲಿ ಆಡಲು ಶುರು ಮಾಡಿದ್ದು 2008ರಲ್ಲಿ. ಜಗತ್ತು ಬಾಯಿ ಬಿಟ್ಟು ನೋಡಿದ್ದು 2011ರ ಫೆಬ್ರವರಿಯಲ್ಲಿ, ಪಲೆರ್ಮೊ ಮೇಲೆ ಉಡಿನೇಸೆ 7-0 ಗೆದ್ದಾಗ. ಅದರಲ್ಲಿ ನಾಲ್ಕು ಗೋಲು ಇವನದೇ. ಆಗ ವಯಸ್ಸು 22. ಕೊಂಡ ದಿನದಿಂದ ಅಲ್ಲಿಗೆ ಬರಲು ಐದು ವರ್ಷ ಹಿಡಿಯಿತು.

ಒಸೋರಿಯೊ ಹುಟ್ಟಿದ್ದು 2004ರ ಜನವರಿ 24ರಂದು. 2025 ಮುಗಿದಾಗಲೂ 21 ಮಾತ್ರ. ಲೆಕ್ಕ ಹಾಕಿಕೊಳ್ಳಿ.

ಅವನ ಊರು ಇಹುವೆಲಾಸ್. ವಾಲ್ಪರೈಸೊ ಪ್ರದೇಶದಲ್ಲಿ, ಅಕೊಂಕಾಗುವಾ ನದಿಯ ಕಣಿವೆಯಲ್ಲಿದೆ. ಸ್ಯಾಂಟಿಯಾಗೊದಿಂದ ಪ್ಯಾನ್-ಅಮೆರಿಕನ್ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ನೂರು ಕಿಲೋಮೀಟರ್ ಆಸುಪಾಸು. ಚಿಲಿಯವರು ಅದನ್ನು ಹೂವಿನ ರಾಜಧಾನಿ ಅನ್ನುತ್ತಾರೆ. ಸುತ್ತಮುತ್ತ ಹೂವಿನ ತೋಟ, ಬೆಣ್ಣೆಹಣ್ಣಿನ ತೋಟ. ಪಕ್ಕದಲ್ಲೇ ಲಾ ಕಲೇರಾ, ಸಿಮೆಂಟಿನ ಊರು. ಆ ಊರಿನ ತಂಡದ ಹೆಸರು ಯೂನಿಯನ್ ಲಾ ಕಲೇರಾ. ನನ್ನ ಸಹೋದ್ಯೋಗಿಗೆ ಆ ಹೆಸರು ಕೇಳಿದರೆ ಈಗಲೂ ಬೆವರು. 2021ರ ಕೊನೇ ಲೀಗ್ ಪಂದ್ಯದಲ್ಲಿ ಲಾ ಉ ಆಡಬೇಕಾಗಿದ್ದು ಅವರ ವಿರುದ್ಧವೇ. ಸೋತಿದ್ದರೆ ಕೆಳಗಿನ ಡಿವಿಷನ್‌ಗೆ ಬೀಳುವ ಭಯ. 0-2 ಹಿಂದಿದ್ದರು. ಅಲ್ಲಿಂದ ಎದ್ದು 3-2 ಗೆದ್ದು ಉಳಿದುಕೊಂಡರು. ಆ ಕಥೆಯನ್ನು ಅವನು ಹೇಳಲು ಶುರು ಮಾಡಿದರೆ ಊಟದ ವಿರಾಮ ಪೂರ್ತಿ ಅದಕ್ಕೇ ಹೋಗುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಒಸೋರಿಯೊ ಮೊದಲ ತಂಡಕ್ಕೆ ಬಂದಿದ್ದು ಇದರ ಮರುವರ್ಷ. 2022. ಕ್ಲಬ್ ಇನ್ನೂ ಸುಧಾರಿಸಿಕೊಂಡಿರಲಿಲ್ಲ. ಸಾಂಟಿಯಾಗೊ ಎಸ್ಕೊಬಾರ್ ಕೋಚ್ ಆಗಿದ್ದರು, ಹೋದರು. ಡಿಯಾಗೊ ಲೋಪೆಸ್ ಬಂದರು, ಅವರೂ ಹೋದರು. ತಂಡ ಮತ್ತೆ ಕೆಳಗಡೆ ಒದ್ದಾಡುತ್ತಿತ್ತು. ಹದಿನೆಂಟು ವರ್ಷದ ಹುಡುಗನನ್ನು ಇಂಥ ಬೆಂಕಿಗೆ ಯಾರಾದರೂ ತಳ್ಳುತ್ತಾರಾ ಅನ್ನಿಸಬಹುದು. ಅದಕ್ಕೊಂದು ಕಾರಣ ಇದೆ. ಚಿಲಿ ಲೀಗ್‌ನಲ್ಲಿ ಒಂದು ನಿಯಮ ಉಂಟು. ಪ್ರತಿ ತಂಡವೂ 21 ವರ್ಷದೊಳಗಿನ ಸ್ಥಳೀಯ ಆಟಗಾರರಿಗೆ ಇಷ್ಟು ನಿಮಿಷ ಅಂತ ಆಟ ಕೊಡಲೇಬೇಕು. ಕೊಡದಿದ್ದರೆ ಅಂಕ ಕತ್ತರಿ. ಹಾಗಾಗಿ ಎಲ್ಲ ಕೋಚ್‌ಗಳೂ ಒಬ್ಬಿಬ್ಬರು ಹುಡುಗರನ್ನು ಇಳಿಸಿಯೇ ಇಳಿಸುತ್ತಾರೆ. ಕೆಲವರು ಲೆಕ್ಕ ತುಂಬಿಸಲು ಮಾತ್ರ. ಅಂಥ ಹುಡುಗರು ಅರ್ಧ ಗಂಟೆ ಓಡಾಡಿ ಬೆಂಚಿಗೆ ವಾಪಸ್ಸು.

ಒಸೋರಿಯೊ ಲೆಕ್ಕ ತುಂಬಿಸುವವನಾಗಿ ಉಳಿಯಲಿಲ್ಲ. ತಂಡ ತತ್ತರಿಸುತ್ತಿದ್ದಾಗ ಚೆಂಡು ಕೇಳಿ ಪಡೆಯುತ್ತಿದ್ದವನೇ ಇವನು. ಹಿರಿಯರು ಚೆಂಡು ಬಂದರೆ ಸಾಕು ಅಂತ ಪಕ್ಕದವನಿಗೆ ತಳ್ಳಿ ಕೈತೊಳೆದುಕೊಳ್ಳುತ್ತಿದ್ದ ಕಾಲ ಅದು. ಆ ವರ್ಷದ ನವೆಂಬರ್‌ನಲ್ಲೇ ಚಿಲಿಯ ಕೋಚ್ ಎಡುವಾರ್ಡೊ ಬೆರಿಸ್ಸೊ ಅವನನ್ನು ರಾಷ್ಟ್ರೀಯ ತಂಡಕ್ಕೆ ಕರೆದರು. ಹದಿನೆಂಟರ ಹರೆಯ.

ಇಲ್ಲಿ ಇನ್ನೊಬ್ಬನ ಹೆಸರು ಹೇಳಲೇಬೇಕು. ಲೂಕಾಸ್ ಅಸ್ಸಾದಿ. ಅವನೂ ಲಾ ಉ ಹುಡುಗ, ಅವನೂ ಹುಟ್ಟಿದ್ದು 2004ರ ಜನವರಿಯಲ್ಲೇ. ಸ್ಯಾಂಟಿಯಾಗೊದಲ್ಲಿ ಆಗ ಜಾಸ್ತಿ ಸದ್ದು ಇದ್ದದ್ದು ಅಸ್ಸಾದಿಯದು. ಕಾಲಲ್ಲಿ ಚೆಂಡು ಅಂಟಿಕೊಂಡಂತೆ ಆಡುವವನು, ನಡುವಿನಿಂದ ದಾಳಿ ಕಟ್ಟುವವನು. ಇಬ್ಬರಲ್ಲಿ ಒಬ್ಬ ಯುರೋಪ್‌ಗೆ ಮೊದಲು ಹೋಗುತ್ತಾನೆ ಅಂದಿದ್ದರೆ ಬಹಳ ಜನ ಅಸ್ಸಾದಿ ಹೆಸರು ಹೇಳುತ್ತಿದ್ದರಂತೆ. ಹೋದವನು ಒಸೋರಿಯೊ. ಅಸ್ಸಾದಿ ಉಳಿದುಕೊಂಡ. 2025ರಲ್ಲಿ ಲಾ ಉ ದಕ್ಷಿಣ ಅಮೆರಿಕದ ಕ್ಲಬ್‌ಗಳ ಟೂರ್ನಿ ಕೋಪಾ ಸುಡಾಮೆರಿಕಾನಾದ ಸೆಮಿಫೈನಲ್ ತನಕ ಹೋಯಿತು. ಅಲ್ಲಿ ಅರ್ಜೆಂಟೀನಾದ ಲಾನುಸ್ ಎದುರು ಸೋತಿತು. ಆ ವರ್ಷ ಅಸ್ಸಾದಿ ಆಟ ನೋಡಿ ನನ್ನ ಸಹೋದ್ಯೋಗಿ ಮೇಜಿಗೆ ಗುದ್ದಿ ಗುದ್ದಿ ಹೇಳುತ್ತಿದ್ದ, ನೋಡು, ಉಳಿದವನೂ ಕೆಟ್ಟಿಲ್ಲ ಅಂತ. ಸರಿಯೇ. ಆದರೆ ಅದು ನನ್ನ ಮಾತಿಗೇ ಸಾಕ್ಷಿ ಅಲ್ವಾ? ಒಬ್ಬೊಬ್ಬರ ಗಡಿಯಾರ ಒಂದೊಂದು ಥರ ಓಡುತ್ತದೆ.

2023ರ ಆಗಸ್ಟ್‌ನಲ್ಲಿ ಒಸೋರಿಯೊ ಡೆನ್ಮಾರ್ಕ್‌ಗೆ ಬಂದ. 2028ರವರೆಗೆ ಒಪ್ಪಂದ. ಆಗ ಅವನಿಗೆ 19. ಅದಕ್ಕೂ ಮೊದಲು ಬರಬಹುದಿತ್ತಲ್ಲ ಅಂತ ಕೇಳುವವರಿಗೆ ಒಂದು ಮಾತು: 18 ತುಂಬದ ಆಟಗಾರನನ್ನು ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶದ ಕ್ಲಬ್‌ಗೆ ಕರೆದೊಯ್ಯಲು ಫಿಫಾ ಸಾಮಾನ್ಯವಾಗಿ ಬಿಡುವುದಿಲ್ಲ. ಒಂದೆರಡು ವಿನಾಯಿತಿ ಇದೆ, ದಕ್ಷಿಣ ಅಮೆರಿಕದ ಹುಡುಗರಿಗೆ ಅವು ಹೆಚ್ಚಾಗಿ ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು ವಿಷಯವೂ ಜನಕ್ಕೆ ಗೊತ್ತಿರುವುದಿಲ್ಲ. ಇಂಥ ಪ್ರತಿ ಮಾರಾಟದಲ್ಲೂ ಶೇಕಡಾ 5ರಷ್ಟು ದುಡ್ಡು, ಆ ಹುಡುಗನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ. ಇವನು ನಾಳೆ ದೊಡ್ಡ ಬೆಲೆಗೆ ಮತ್ತೊಮ್ಮೆ ಮಾರಾಟವಾದರೂ ಲಾ ಉ ಖಜಾನೆಗೆ ಒಂದು ಪಾಲು ಬರುತ್ತದೆ. ಇದನ್ನು ಹೇಳಿದಾಗ ನನ್ನ ಸಹೋದ್ಯೋಗಿಗೆ ಅವನನ್ನು ಬೇಗ ಮಾರಿಸುವ ಆಸೆ ಇನ್ನೂ ಜಾಸ್ತಿಯಾಯಿತು. ನಾನು ಸುಮ್ನೆ ಹೇಳಬಾರದಿತ್ತೇನೋ.

ಮಿಡ್‌ಟ್ಯುಲಾನ್‌ನಲ್ಲಿ ಆಗ ಒಂದು ಜಾಗ ಖಾಲಿಯಿತ್ತು. ಅದು ಎಂಥ ಜಾಗ ಅಂತ ತಿಳಿದರೆ ಈ ಕಥೆ ಅರ್ಧ ಅರ್ಥವಾಗುತ್ತದೆ. ಗುಸ್ತಾವ್ ಇಸಾಕ್ಸೆನ್ ಅಂತ ಒಬ್ಬ ಡ್ಯಾನಿಶ್ ಹುಡುಗ. ಎಡಗಾಲಿನವನು, ಆಡುತ್ತಿದ್ದದ್ದು ಬಲಗಡೆ ಅಂಚಿನಲ್ಲಿ. 2022-23ರಲ್ಲಿ ಇಡೀ ಡೆನ್ಮಾರ್ಕ್ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವನು. 2023ರ ಆಗಸ್ಟ್‌ನಲ್ಲಿ ಇಟಲಿಯ ಲಾಜಿಯೊ ಅವನನ್ನು ಕೊಂಡುಕೊಂಡಿತು. ಅದೇ ತಿಂಗಳು ಇವನು ಬಂದ, ಎಡಗಾಲಿನವನು, ಬಲಗಡೆ ಅಂಚಿನವನು. ಮಿಡ್‌ಟ್ಯುಲಾನ್‌ನ ವ್ಯವಹಾರವೇ ಹೀಗೆ. ಒಂದು ಅಚ್ಚಿನ ಆಟಗಾರನನ್ನು ಬೆಳೆಸು, ಮಾರು, ಅದೇ ಅಚ್ಚಿನ ಇನ್ನೊಬ್ಬನನ್ನು ಜಗತ್ತಿನ ಯಾವುದೋ ಮೂಲೆಯಿಂದ ಹುಡುಕಿ ತಾ. 2014ರಲ್ಲಿ ಮ್ಯಾಥ್ಯೂ ಬೆನ್‌ಹ್ಯಾಮ್ ಈ ಕ್ಲಬ್‌ನ ಒಡೆಯನಾದ ಮೇಲೆ ಅಂಕಿಅಂಶ ನೋಡಿ ಆಟಗಾರರನ್ನು ಆರಿಸುವ ಪದ್ಧತಿ ಇಲ್ಲಿ ಬೇರೂರಿತು. ಲಂಡನ್‌ನ ಬ್ರೆಂಟ್‌ಫರ್ಡ್ ಕ್ಲಬ್ ಕೂಡ ಅವನದೇ. 2023ರಲ್ಲಿ ಮಿಡ್‌ಟ್ಯುಲಾನ್ ಅನ್ನು ಡ್ಯಾನಿಶ್ ಉದ್ಯಮಿ ಆಂಡರ್ಸ್ ಹೋಲ್ಕ್ ಪೋವ್ಲ್‌ಸೆನ್ ಕೊಂಡುಕೊಂಡರು. ಒಡೆಯ ಬದಲಾದರೂ ಅಭ್ಯಾಸ ಬದಲಾಗಲಿಲ್ಲ. ಒಸೋರಿಯೊ ಬಂದ ಬೇಸಿಗೆಯಲ್ಲೇ ಕೊರಿಯಾದಿಂದ ಚೋ ಗ್ಯು-ಸಂಗ್ ಬಂದ, ಪೋರ್ಚುಗಲ್‌ನಿಂದ ಫ್ರಾಂಕುಲಿನೊ ಬಂದ.

ಹೆರ್ನಿಂಗ್ ಬಗ್ಗೆ ಒಂದು ಮಾತು. ಹಳೇ ಬಟ್ಟೆ ಗಿರಣಿಗಳ ಊರು. ಸಮುದ್ರ ಇಲ್ಲ, ಬೆಟ್ಟ ಇಲ್ಲ, ಸಮತಟ್ಟು. ಯಾವಾಗ ನೋಡಿದರೂ ಪಶ್ಚಿಮದ ಗಾಳಿ. ಗಾಳಿಯಂತ್ರದ ಕೆಲಸದವನಾಗಿ ನಾನು ದೂರಬಾರದು ಬಿಡಿ. ಎಮ್‌ಸಿಎಚ್ ಅರೀನಾ ಅನ್ನುವ ಸ್ಟೇಡಿಯಂನಲ್ಲಿ 12,000 ಜನ ಹಿಡಿಯುವುದೂ ಕಷ್ಟ. ಅದು ಶುರುವಾದದ್ದು 2004ರಲ್ಲಿ, ಅಂದರೆ ಸ್ಟೇಡಿಯಂಗೂ ಹುಡುಗನಿಗೂ ಒಂದೇ ವಯಸ್ಸು. ಕ್ಲಬ್‌ಗೇ ವಯಸ್ಸು ಜಾಸ್ತಿ ಇಲ್ಲ. 1999ರಲ್ಲಿ ಇಕಾಸ್ಟ್ ಮತ್ತು ಹೆರ್ನಿಂಗ್ ಊರಿನ ಎರಡು ಹಳೇ ತಂಡಗಳನ್ನು ಸೇರಿಸಿ ಮಾಡಿದ್ದು. ಸ್ಯಾಂಟಿಯಾಗೊದ ನ್ಯಾಷನಲ್ ಸ್ಟೇಡಿಯಂನಲ್ಲಿ ಇದರ ನಾಲ್ಕರಷ್ಟು ಜನ ಕೂರುತ್ತಾರೆ, ಕೂರುತ್ತಾರೆ ಅನ್ನುವುದೂ ತಪ್ಪು, ನಿಂತು ಹಾಡುತ್ತಾರೆ. ಅಲ್ಲಿಂದ ಇಲ್ಲಿಗೆ ಬಂದವನಿಗೆ ಮೊದಲ ನವೆಂಬರ್ ಹೇಗಿದ್ದಿರಬಹುದು! ಮಧ್ಯಾಹ್ನ ನಾಲ್ಕಕ್ಕೆ ಕತ್ತಲು.

ಈಗ ಆಟಕ್ಕೆ ಬರೋಣ. ನಾನು ಸಾಮಾನ್ಯವಾಗಿ ಕೂರುವುದು ಒಂದು ಕಾರ್ನರ್ ಬಾವುಟದ ಹತ್ತಿರ, ಕೆಳಗಿನ ಸಾಲಿನಲ್ಲಿ. ಟೀವಿಯಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ. ಒಸೋರಿಯೊ ಬಲಗಡೆ ಗೆರೆಗೆ ಅಂಟಿಕೊಂಡು ನಿಂತಿರುತ್ತಾನೆ. ಚೆಂಡು ಬರುವ ಮುಂಚೆಯೇ ಒಮ್ಮೆ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಾನೆ. ಚೆಂಡು ಬಂದ ಮೇಲೆ ಅದನ್ನು ನಿಲ್ಲಿಸುವುದು ಎಡಗಾಲಿನ ಹೊರಬದಿಯಿಂದ. ನಿಲ್ಲಿಸಿದ ಮೇಲೆ ಒಂದು ಕ್ಷಣ ಏನೂ ಮಾಡುವುದಿಲ್ಲ. ಇದೇ ಅವನ ಕಸುಬು. ಎದುರಿಗೆ ನಿಂತ ಬ್ಯಾಕ್‌ಗೆ, ಅಂದರೆ ರಕ್ಷಣಾ ಆಟಗಾರನಿಗೆ, ಚೆನ್ನಾಗಿ ಗೊತ್ತು, ಇವನು ಎಡಗಾಲಿನವನು, ಒಳಕ್ಕೇ ಬರುತ್ತಾನೆ. ಅದಕ್ಕೆ ಒಳದಾರಿ ಮುಚ್ಚಿ ನಿಂತಿರುತ್ತಾನೆ. ಒಸೋರಿಯೊ ಭುಜ ಮಾತ್ರ ಹೊರಗಡೆಗೆ ಬಾಗಿಸುತ್ತಾನೆ, ಚೆಂಡು ಅಲ್ಲೇ ಇರುತ್ತದೆ. ಬ್ಯಾಕ್‌ನ ಒಂದು ಕಾಲು ಒಂದೇ ಒಂದು ಇಂಚು ಆ ಕಡೆ ಸರಿದರೆ ಸಾಕು. ಇವನು ಒಳಗೆ.

ಒಳಗೆ ಬಂದ ಮೇಲೆ ಎರಡು ದಾರಿ. ದೂರದ ಕಂಬಕ್ಕೆ ಬಾಗಿಸಿ ಹೊಡೆಯುವುದು, ಇಲ್ಲವೇ ಆ ಕಡೆ ಅಂಚಿನಿಂದ ಓಡಿ ಬರುವವನಿಗೆ ಚೆಂಡು ತೇಲಿಸುವುದು. ಎರಡನೆಯದು ಅವನಿಗೆ ಚೆನ್ನಾಗಿ ಬರುತ್ತದೆ. ಮೊದಲನೆಯದನ್ನು ಅವನು ಜಾಸ್ತಿ ಇಷ್ಟಪಡುತ್ತಾನೆ. ನಮ್ಮ ತೊಂದರೆ ಶುರುವಾಗುವುದೇ ಅಲ್ಲಿ. ಪಾಸ್ ಕೊಡಬೇಕಾದ ಜಾಗದಲ್ಲಿ ಹೊಡೆದು ಚೆಂಡನ್ನು ಜಾಹೀರಾತು ಹಲಗೆಗೆ ಕಳಿಸಿದ ಸಲಗಳು ಬೇಕಾದಷ್ಟಿವೆ. ಬಲಗಾಲನ್ನು ನಿಂತುಕೊಳ್ಳಲು ಮಾತ್ರ ಇಟ್ಟುಕೊಂಡಿದ್ದಾನೇನೋ ಅನ್ನಿಸುವ ದಿನಗಳೂ ಇವೆ. ಇನ್ನು ಕೆಲವು ಪಂದ್ಯಗಳಲ್ಲಿ ಇಪ್ಪತ್ತು ನಿಮಿಷ ಅವನು ಎಲ್ಲಿದ್ದಾನೆ ಅಂತಲೇ ಗೊತ್ತಾಗುವುದಿಲ್ಲ. ಇಬ್ಬರು ಸೇರಿ ಕಟ್ಟಿಹಾಕಿದರೆ ಬೇಸರ ಮಾಡಿಕೊಂಡು ನಿಂತುಬಿಡುತ್ತಾನೆ. ನನ್ನ ಹಿಂದಿನ ಸಾಲಿನ ಹಿರಿಯ ಡೇನ್ ಒಬ್ಬರು ಆಗೆಲ್ಲ ಕೈ ಮೇಲೆತ್ತಿ ನಿಟ್ಟುಸಿರು ಬಿಡುತ್ತಾರೆ. ಅದೇ ಹಿರಿಯರು ಅವನು ಒಬ್ಬನನ್ನು ದಾಟಿದ ಕೂಡಲೇ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುತ್ತಾರೆ.

ಮಿಡ್‌ಟ್ಯುಲಾನ್‌ನಲ್ಲಿ ವಿಂಗರ್‌ಗೆ, ಅಂದರೆ ಅಂಚಿನ ಆಟಗಾರನಿಗೆ, ಇನ್ನೊಂದು ಕೆಲಸ ಇದೆ. ಅದು ಗೋಲಿನ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಈ ಕ್ಲಬ್‌ಗೆ ಕಾರ್ನರ್, ಫ್ರೀ ಕಿಕ್, ಉದ್ದದ ಥ್ರೋ-ಇನ್ ಅಂದರೆ ಪ್ರಾಣ. ಥ್ರೋ-ಇನ್ ಎಸೆಯುವುದನ್ನು ಕಲಿಸಲಿಕ್ಕೆ ಅಂತಲೇ ಥಾಮಸ್ ಗ್ರೊನ್ನೆಮಾರ್ಕ್ ಇಲ್ಲಿ ಕೆಲಸ ಮಾಡಿದ್ದಾರೆ. ಆಮೇಲೆ ಲಿವರ್‌ಪೂಲ್ ಕೂಡ ಅವರನ್ನು ಕರೆಸಿಕೊಂಡಿತು. ಹಾಗಾಗಿ ಒಸೋರಿಯೊ ಒಬ್ಬ ಬ್ಯಾಕ್‌ನನ್ನು ಮೂಲೆಗೆ ಎಳೆದುಕೊಂಡು ಹೋಗಿ, ಅವನ ಕಾಲಿಗೆ ತಗುಲಿಸಿ ಚೆಂಡನ್ನು ಹೊರಗೆ ಕಳಿಸಿದರೆ ಸ್ಟೇಡಿಯಂ ಚಪ್ಪಾಳೆ ಹೊಡೆಯುತ್ತದೆ. ಸ್ಯಾಂಟಿಯಾಗೊದಲ್ಲಿ ಇದಕ್ಕೆ ಯಾರು ಚಪ್ಪಾಳೆ ಹೊಡೆಯುತ್ತಾರೆ? ಅಲ್ಲಿ ಡ್ರಿಬಲ್ ಬೇಕು, ಗೋಲು ಬೇಕು. ಇಲ್ಲಿ ಹುಡುಗ ಕಲಿತದ್ದು ಇದನ್ನೇ, ಅಂದರೆ ಕಣ್ಣಿಗೆ ಕಾಣದ ಕೆಲಸ. ಚೆಂಡು ಕಳೆದುಕೊಂಡ ಕೂಡಲೇ ಹಿಂದಕ್ಕೆ ಓಡುವುದು ಕೂಡ. ಬಂದ ಹೊಸದರಲ್ಲಿ ಅದಕ್ಕೆ ಅವನು ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈಗ ಓಡುತ್ತಾನೆ. ಮುಖ ಸಿಂಡರಿಸಿಕೊಂಡಾದರೂ ಓಡುತ್ತಾನೆ.

ಬಂದ ಮೊದಲ ವರ್ಷವೇ ಲೀಗ್ ಗೆದ್ದರು. ಅದೂ ಹೇಗೆ! 2024ರ ಮೇ 26, ಕೊನೇ ಸುತ್ತು. ಮಿಡ್‌ಟ್ಯುಲಾನ್ ಮತ್ತು ಬ್ರೋಂಡ್‌ಬಿ ಇಬ್ಬರದೂ 62 ಅಂಕ. ನಾವು ಸಿಲ್ಕೆಬೋರ್ ಎದುರು 3-3 ಡ್ರಾ. ಡ್ರಾ ಮಾಡಿಕೊಂಡು ಕಪ್ ಎತ್ತುವುದು ಅಂದರೆ ಸಾಮಾನ್ಯವಾಗಿ ಆಗದ ಮಾತು. ಆದರೆ ಅತ್ತ ಬ್ರೋಂಡ್‌ಬಿ ತನ್ನ ಮನೆಯಂಗಳದಲ್ಲೇ ಆರ್ಹುಸ್‌ನ ಎಜಿಎಫ್ ಎದುರು 2-3 ಸೋತಿತು. ಒಂದು ಅಂಕದ ಅಂತರ. ಆಟಗಾರರಿಗಿಂತ ಜಾಸ್ತಿ ಪ್ರೇಕ್ಷಕರೇ ಫೋನ್ ನೋಡುತ್ತಿದ್ದ ಮಧ್ಯಾಹ್ನ ಅದು. ಮರುವರ್ಷ ಇದೇ ಒಂದು ಅಂಕ ಉಲ್ಟಾ ಹೊಡೆಯಿತು. ಎಫ್‌ಸಿ ಕೋಪನ್‌ಹೇಗನ್ 63, ನಾವು 62. ಕೋಚ್ ಎರಡೂ ಸಲ ಥಾಮಸ್ ಥಾಮಸ್‌ಬರ್ಗ್. ಅವರನ್ನು 2025ರ ಸೆಪ್ಟೆಂಬರ್‌ನಲ್ಲಿ ಕಳಿಸಿ ಮೈಕ್ ಟುಲ್‌ಬರ್ಗ್ ಅವರನ್ನು ತಂದರು. ಫುಟ್‌ಬಾಲ್‌ನಲ್ಲಿ ಒಂದು ಅಂಕಕ್ಕೆ ಎಷ್ಟು ಬೆಲೆ ನೋಡಿ.

ರಾಷ್ಟ್ರೀಯ ತಂಡದ ಕಡೆ ಅವನಿಗೆ ಒಂದು ಒಳ್ಳೇ ರಾತ್ರಿ ಸಿಕ್ಕಿತು. 2024ರ ಮಾರ್ಚ್ 26, ಮಾರ್ಸೇಯ ಊರು, ಎದುರಿಗೆ ಫ್ರಾನ್ಸ್. ರಿಕಾರ್ಡೊ ಗರೇಕಾ ಕೋಚ್ ಆಗಿ ಬಂದು ಎರಡನೇ ಪಂದ್ಯ. ಮಾರ್ಸೆಲಿನೊ ನೂನ್ಯೆಸ್ ಆರನೇ ನಿಮಿಷಕ್ಕೇ ಗೋಲು ಹೊಡೆದ. ಫ್ರಾನ್ಸ್ ಮೂರು ಹೊಡೆಯಿತು. 82ನೇ ನಿಮಿಷದಲ್ಲಿ ಒಸೋರಿಯೊ ಇನ್ನೊಂದು ಹೊಡೆದು 3-2 ಮಾಡಿದ. ಸೋತರೂ ಚಿಲಿಯಲ್ಲಿ ಹಬ್ಬ. ಮರುದಿನ ನನ್ನ ಸಹೋದ್ಯೋಗಿ ಆಫೀಸಿಗೆ ನೀಲಿ ಜೆರ್ಸಿ ಹಾಕಿಕೊಂಡು ಬಂದಿದ್ದ. ರಾಷ್ಟ್ರೀಯ ತಂಡದ ಕೆಂಪಲ್ಲ, ಲಾ ಉ ನೀಲಿ! ಗೋಲು ದೇಶದ್ದಾದರೂ ಹುಡುಗ ನಮ್ಮವನು ಅನ್ನುವ ಜಂಬ.

ಹಬ್ಬ ಬಹಳ ದಿನ ಉಳಿಯಲಿಲ್ಲ. ಅದೇ ಬೇಸಿಗೆಯ ಕೋಪಾ ಅಮೆರಿಕಾದಲ್ಲಿ ಪೆರು ಜೊತೆ 0-0, ಅರ್ಜೆಂಟೀನಾ ಎದುರು 0-1, ಕೆನಡಾ ಜೊತೆ 0-0. ಮೂರು ಪಂದ್ಯ, ಒಂದೂ ಗೋಲಿಲ್ಲ, ಮನೆಗೆ. 2025ರ ಜೂನ್ 10ರಂದು 4,000 ಮೀಟರ್‌ಗೂ ಎತ್ತರದ ಎಲ್ ಆಲ್ಟೊದಲ್ಲಿ ಬೊಲಿವಿಯಾ 2-0 ಹೊಡೆಯಿತು. ವಿಶ್ವಕಪ್ ಕನಸು ಅಲ್ಲಿಗೆ ಮುಗಿಯಿತು, ಗರೇಕಾ ರಾಜೀನಾಮೆ ಕೊಟ್ಟರು. 20 ವರ್ಷದೊಳಗಿನವರ ತಂಡದ ಕೋಚ್ ನಿಕೊಲಾಸ್ ಕೊರ್ಡೋವಾ ತಾತ್ಕಾಲಿಕವಾಗಿ ಹೊಣೆ ಹೊತ್ತರು.

ಇಂಥ ತಂಡದಲ್ಲಿ ಒಬ್ಬ ವಿಂಗರ್ ಮಿಂಚಲಿಲ್ಲ ಅಂತ ಬೈಯುವುದು ನನಗೆ ಸರಿ ಕಾಣುವುದಿಲ್ಲ. ವಿಂಗರ್‌ಗೆ ಚೆಂಡು ಯಾರೋ ಕೊಡಬೇಕು. ಒಳಗೆ ತೇಲಿಸಿದರೆ ಯಾರೋ ತಲೆ ಕೊಡಬೇಕು. 2015ರಲ್ಲಿ ಅಲೆಕ್ಸಿಸ್ ಹಿಂದೆ ವಿದಾಲ್ ಇದ್ದ, ಅರಾಂಗಿಸ್ ಇದ್ದ, ವಾಲ್ಡಿವಿಯಾ ಇದ್ದ, ಪಕ್ಕದಲ್ಲಿ ವರ್ಗಾಸ್ ಇದ್ದ. ಒಸೋರಿಯೊ ಹಿಂದೆ ಯಾರಿದ್ದಾರೆ? ಜೊತೆಗೆ ಈ ಪ್ರಯಾಣ ಬೇರೆ. ಹೆರ್ನಿಂಗ್‌ನಿಂದ ಸ್ಯಾಂಟಿಯಾಗೊಗೆ ನೇರ ವಿಮಾನ ಇಲ್ಲ. ಎರಡು ಮೂರು ಕಡೆ ಇಳಿದು ಹತ್ತಿ, ಗಡಿಯಾರ ನಾಲ್ಕರಿಂದ ಆರು ಗಂಟೆ ಹಿಂದೆ ತಿರುಗಿಸಿ, ಒಂದು ಪಂದ್ಯ ಆಡಿ, ಮತ್ತೆ ಬೇರೆ ದೇಶಕ್ಕೆ ಹಾರಿ ಇನ್ನೊಂದು ಆಡಿ, ವಾಪಸ್ ಬಂದ ಕೂಡಲೇ ಇಲ್ಲಿ ಲೀಗ್ ಪಂದ್ಯ. ಅಂಥ ವಾರಗಳ ನಂತರ ಅವನ ಓಟ ಮಂಕಾಗಿರುವುದು ನಮ್ಮ ಮೂಲೆಯಿಂದಲೇ ಕಾಣುತ್ತದೆ.

ಈಗ ಅವಸರ ಪಟ್ಟವರ ಕಥೆ ಸ್ವಲ್ಪ. ಡಾಮಿಯಾನ್ ಪಿಸಾರೊ, 2005ರಲ್ಲಿ ಹುಟ್ಟಿದವನು, ಕೋಲೋ-ಕೋಲೋದ ಗಟ್ಟಿಮುಟ್ಟಾದ ಸೆಂಟರ್ ಫಾರ್ವರ್ಡ್. 2024ರಲ್ಲಿ ನೇರವಾಗಿ ಇಟಲಿಯ ಉಡಿನೇಸೆಗೆ ಹೋದ. ಅದೇ ಹೊತ್ತಿಗೆ ಅಲೆಕ್ಸಿಸ್ ಕೂಡ ತನ್ನ ಹಳೇ ಉಡಿನೇಸೆಗೆ ವಾಪಸ್ ಬಂದಿದ್ದ. ಚಿತ್ರ ಚೆನ್ನಾಗಿತ್ತು, ಗುರು ಶಿಷ್ಯರ ಥರ. ಆದರೆ ಹುಡುಗನಿಗೆ ಆಡಲು ಸಿಕ್ಕಿದ್ದು ಬಹಳ ಕಡಿಮೆ. ಇದಕ್ಕಿಂತ ಹಳೇ ಉದಾಹರಣೆ ಬೇಕಾದರೆ ಎಡುವಾರ್ಡೊ ವರ್ಗಾಸ್. 2011ರ ಕೋಪಾ ಸುಡಾಮೆರಿಕಾನಾದಲ್ಲಿ ಕೋಚ್ ಸಾಂಪಾವೊಲಿಯ ಲಾ ಉ ತಂಡಕ್ಕೆ 11 ಗೋಲು ಹೊಡೆದು ಕಪ್ ಗೆಲ್ಲಿಸಿದವನು. ನೇರ ಇಟಲಿಯ ನಾಪೋಲಿಗೆ ಹಾರಿದ. ಅಲ್ಲಿ ಬೆಂಚು ಕಾಯ್ದದ್ದೇ ಹೆಚ್ಚು. ಆಮೇಲೆ ಊರೂರು ಸುತ್ತಿದ. ರಾಷ್ಟ್ರೀಯ ತಂಡದಲ್ಲಿ ಮಾತ್ರ ಮಿಂಚಿದ. ಇದಕ್ಕೆ ಉಲ್ಟಾ ಮಾರ್ಸೆಲೊ ಸಾಲಸ್, ಅವನೂ ಲಾ ಉ ಹುಡುಗನೇ. 1996ರಲ್ಲಿ ಮೊದಲು ಪಕ್ಕದ ದೇಶದ ರಿವರ್ ಪ್ಲೇಟ್‌ಗೆ ಹೋದ. 1998ರ ಫೆಬ್ರವರಿಯಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ಮೇಲೆ ಎರಡು ಗೋಲು ಹೊಡೆದದ್ದು, ಲಾಜಿಯೊಗೆ ಹೋಗಿ ಇಟಲಿ ಲೀಗ್ ಗೆದ್ದದ್ದು ಎಲ್ಲ ಆಮೇಲೆ. ನಡುವೆ ಒಂದು ಮೆಟ್ಟಿಲು ಇತ್ತು. ಹೆರ್ನಿಂಗ್ ಅಂಥ ಮೆಟ್ಟಿಲು ಅನ್ನುವುದು ನನ್ನ ವಾದ. ನನ್ನ ಸಹೋದ್ಯೋಗಿ ಇದಕ್ಕೆ ಹೇಳುವ ಉತ್ತರ: ಮೆಟ್ಟಿಲ ಮೇಲೆ ಮನೆ ಕಟ್ಟಬಾರದು.

ಅವನ ಮಾತಲ್ಲೂ ಹುರುಳಿದೆ, ಒಪ್ಪುತ್ತೇನೆ. ಆದರೆ 2025ರ ಶರತ್ಕಾಲದಲ್ಲಿ ಯುರೋಪಿನ ಕ್ಲಬ್‌ಗಳ ಟೂರ್ನಿ ಯುರೋಪಾ ಲೀಗ್ ನೋಡಿದವರು ಯಾರೂ ಇದನ್ನು ಸಣ್ಣ ಮೆಟ್ಟಿಲು ಅನ್ನಲಾರರು. ಸ್ಟುರ್ಮ್ ಗ್ರಾಜ್ ಮೇಲೆ 2-0. ಇಂಗ್ಲೆಂಡ್‌ಗೆ ಹೋಗಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮೇಲೆ 3-2. ಮಕ್ಕಾಬಿ ಟೆಲ್ ಅವೀವ್ ಮೇಲೆ 3-0. ಸೆಲ್ಟಿಕ್ ಮೇಲೆ 3-1. ಮೊದಲ ನಾಲ್ಕಕ್ಕೆ ನಾಲ್ಕೂ ಗೆಲುವು. ಕೋಪಾ ಅಮೆರಿಕಾದಲ್ಲಿ ಒಂದು ಗೋಲಿಗೂ ತಡಕಾಡಿದ ಹುಡುಗ ಇಲ್ಲಿ ವಾರ ವಾರ ಗೆಲ್ಲುವ ತಂಡದಲ್ಲಿ ಇದ್ದಾನೆ. ಗೆಲ್ಲುವ ಅಭ್ಯಾಸವೂ ಒಂದು ಕಲಿಕೆಯೇ.

ಇನ್ನು ಮುಂದೆ ಏನು? ಇದರಲ್ಲಿ ಭಾವನೆಗಿಂತ ಲೆಕ್ಕ ಜಾಸ್ತಿ. ಒಪ್ಪಂದ 2028ರವರೆಗೆ. ಒಪ್ಪಂದ ಮುಗಿಯಲು ಒಂದು ವರ್ಷ ಉಳಿದರೆ ಆಟಗಾರನ ಬೆಲೆ ಇಳಿಯುತ್ತದೆ, ಆರು ತಿಂಗಳು ಉಳಿದರೆ ಅವನು ಬೇರೆ ದೇಶದ ಕ್ಲಬ್ ಜೊತೆ ಪುಕ್ಕಟೆ ಸಹಿ ಹಾಕಿಬಿಡಬಹುದು. ಆದ್ದರಿಂದ ಹೊಸ ಒಪ್ಪಂದ ಆಗದಿದ್ದರೆ, ಅಂಕಿಅಂಶದ ಈ ಕ್ಲಬ್ ಅವನನ್ನು 2027ರ ಬೇಸಿಗೆಯಾಚೆಗೆ ಇಟ್ಟುಕೊಳ್ಳುವುದಿಲ್ಲ. 2026 ಅಥವಾ 2027ರಲ್ಲಿ ಮಾರುತ್ತಾರೆ ಅನ್ನುವುದು ನನ್ನ ಅಂದಾಜು. ವಿಶ್ವಕಪ್ ಆಡದ ದೇಶದವನಾದ್ದರಿಂದ 2026ರ ಜೂನ್‌ನಲ್ಲಿ ಅವನಿಗೆ ದೊಡ್ಡ ಕ್ಲಬ್‌ಗಳ ಕಣ್ಣಿಗೆ ಬೀಳುವ ಆ ಅವಕಾಶ ಇಲ್ಲ. ಬೆಲೆ ಸ್ವಲ್ಪ ಕಡಿಮೆಯೇ ಇರುತ್ತದೆ. ಆದರೆ ಒಂದು ಲಾಭ, ವಿಶ್ವಕಪ್ ನಡೆಯುವಾಗ ಅವನ ಕಾಲಿಗೆ ವಿಶ್ರಾಂತಿ.

ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ನಾವಿಬ್ಬರೂ ಇನ್ನೂ ಒಂದಾಗಿಲ್ಲ. ಅವನಿಗೆ ಇಟಲಿಯೇ ಬೇಕು, ಸಾಲಸ್ ಹೋದ ದಾರಿ, ಇಸಾಕ್ಸೆನ್ ಹೋದ ದಾರಿ. ಇಟಲಿಯ ಬ್ಯಾಕ್‌ಗಳು ಒಂದು ಇಂಚೂ ಸರಿಯುವುದಿಲ್ಲ, ಅದಕ್ಕೆ ಮೊದಲು ಬಲಗಾಲು ಕಲಿಯಲಿ, ಹಾಲೆಂಡ್‌ನಲ್ಲಿ ಎರಡು ವರ್ಷ ಆಡಲಿ ಅನ್ನುತ್ತೇನೆ ನಾನು. ಅಲ್ಲಿ ವಿಂಗರ್‌ಗಳಿಗೆ ಜಾಗ ಕೊಡುತ್ತಾರೆ, ಗೋಲು ಹೊಡೆಯಲು ಬಿಡುತ್ತಾರೆ. ಇದನ್ನು ಹೇಳಿದರೆ ಅವನು, ಮತ್ತೆ ಇನ್ನೊಂದು ಮೆಟ್ಟಿಲಾ ಅಂತ ತಲೆ ಚಚ್ಚಿಕೊಳ್ಳುತ್ತಾನೆ. ಫೆಬ್ರವರಿಯಲ್ಲಿ ಲೀಗ್ ಶುರುವಾದ ಮೇಲೆ ಇಬ್ಬರೂ ಒಟ್ಟಿಗೆ ಹೋಗಿ ನೋಡೋಣ ಅಂತ ಮಾತಾಗಿದೆ. ಟಿಕೆಟ್ ತೆಗೆಸುವುದು ಅವನ ಜವಾಬ್ದಾರಿ. ಆದರೆ ಮೂಲೆಯ ಸೀಟು ಬೇಡವಂತೆ, ನಡುವಿನದೇ ಬೇಕಂತೆ.